ಒದ್ದೆ ನೆಲ

ನಾನು ನೆಲ ಒರೆಸುವವಳು.
ನರಿನ್ ಊರಿನ ಆಸ್ಪತ್ರೆ, ಎರಡನೇ ಮಹಡಿ, ಗಂಡಸರ ವಾರ್ಡು.
ಹದಿನೇಳು ವರ್ಷದಿಂದ ಈ ಸಿಮೆಂಟು ನನಗೆ ಗೊತ್ತು:
ಎಲ್ಲಿ ತಗ್ಗು, ಎಲ್ಲಿ ನೀರು ನಿಲ್ಲುತ್ತದೆ,
ಜನವರಿಯಲ್ಲಿ ಅದರ ಚಳಿ
ಕೋಲಿನ ಗುಂಟ ಏರಿ ಮೊಣಕೈಯನ್ನು ಹೇಗೆ ಕಚ್ಚುತ್ತದೆ.

ಆಂಬುಲೆನ್ಸಿನಲ್ಲಿ ಬರುವವರಿಗೆ ಕಾಲಿಗೇನೂ ಇರುವುದಿಲ್ಲ.
ಇದು ಡಾಕ್ಟರಿಗೆ ಕಾಣದು.
ಅವರು ನೋಡುವುದು ಎದೆ, ಕಣ್ಣು, ನಾಲಗೆ.
ಬಗ್ಗಿದವಳಿಗೆ ಮಾತ್ರ ಕಾಣುತ್ತದೆ
ಮಂಚದಂಚಿಗೆ ತೂಗಾಡುವ,
ನೆಲ ಮುಟ್ಟಲು ಹೆದರುವ ಪಾದ.

ಬುರುಲ್ಕಾನಳ ಗಂಡ ಕೊಜೊಬೆಕ್ ಹಾಗೆಯೇ ಬಂದ,
ಅಟ್‌ಬಾಶಿಯಿಂದ, ರಾತ್ರೋರಾತ್ರಿ, ಕಂಬಳಿ ಸುತ್ತಿಕೊಂಡು.
ನಾಲ್ಕನೇ ದಿನಕ್ಕೆ ಗಂಜಿ ಕುಡಿದ. ಉಪ್ಪಿಲ್ಲವೆಂದು ಬೈದ ಕೂಡ.
ಬೈಯುವವರು ಬದುಕುತ್ತಾರೆ, ಇದು ನಮ್ಮ ವಾರ್ಡಿನ ಲೆಕ್ಕ.
ಹೆಂಡತಿ ಮೊದಲ ವ್ಯಾನು ಹಿಡಿದು
ಅವನ ಬೂಟು ತರಲು ಊರಿಗೆ ಹೋದಳು.

ಅವಳು ವರ್ಷ ಮಾಡಿದ ಬಗೆ ಹೇಳಬೇಕು.
ನಮ್ಮಲ್ಲಿ ವರ್ಷ ತುಂಬಿದ ದಿನ ಕುದುರೆ ಕಡಿಯಬೇಕು,
ನೆಂಟರಿಷ್ಟರಿಗೆ, ಊರಿಗೂರಿಗೇ ಉಣಿಸಬೇಕು,
ಉಂಡವರು ಕೈಯೆತ್ತಿ ಹೋದವನನ್ನು ನೆನೆಯಬೇಕು.
ಬುರುಲ್ಕಾನ್ ಕೆಂದುಕುದುರೆಯನ್ನು ಮಾರಿಬಿಟ್ಟಳು.
ಮೈದುನ ಎಸೆಂಗುಲ್ ಅಂಗಳದಲ್ಲಿ ನಿಂತು ಕೂಗಿದ:
"ಅಣ್ಣನೇನು ದಿಕ್ಕಿಲ್ಲದವನೆ? ಊರಿನ ಬಾಯಿಗೆ ಏನು ಹಾಕಲಿ?"
"ಬಾಯಿ ನೀನು ನೋಡಿಕೋ," ಅಂದಳಂತೆ,
"ನಾನು ಕಾಲು ನೋಡಿಕೊಳ್ಳುತ್ತೇನೆ."
ಆಮೇಲೆ ತಿಂಗಳುಗಟ್ಟಲೆ ಉಣ್ಣೆಗೆ ಬಿಸಿನೀರು ಸುರಿದು,
ಸುತ್ತಿ, ಉರುಳಿಸಿ, ತುಳಿದು, ಮತ್ತೆ ಸುರಿದು,

ಮೂವತ್ತೆಂಟು ಜೊತೆ ಮೆಟ್ಟು ತಂದಳು, ಆಲೂಗಡ್ಡೆ ಚೀಲದಲ್ಲಿ.
ಬೂದು ಬಣ್ಣ, ಅಂಚಿಗೆ ಕೆಂಪು ದಾರ.
ಎಲ್ಲೂ ಅವನ ಹೆಸರಿಲ್ಲ.
ಮುಖ್ಯ ನರ್ಸು ಒಂದು ಫೋಟೊ ಅಂದಾಗ
ಚೀಲ ಮಡಚುತ್ತ, "ಕಾಲಿನದು ತೆಗೆಯಿರಿ" ಅಂದಳು.

ಎಲ್ಲರೂ ಹರಸಿದರೆಂದರೆ ಸುಳ್ಳು.
ಒಬ್ಬ ಬಿಗಿ ಎಂದ. ಒಬ್ಬನಿಗೆ ತುರಿಕೆ.
ಮೂತ್ರಪಿಂಡದ ಮುದುಕ, ಹೊಸದು ಕೊಳೆಯಾದೀತೆಂದು,
ದಿಂಬಿನಡಿ ಇಟ್ಟು ಬರಿಗಾಲಲ್ಲೇ ಓಡಾಡಿದ.
ಲಾರಿ ಡ್ರೈವರ್ ತುರ್ದುಮಾಮತ್ ಹೇಗೋ ಎರಡು ಜೊತೆ ಗಿಟ್ಟಿಸಿ
ಒಂದನ್ನು ಗೇಟಿನಾಚೆ ವೋಡ್ಕಾಗೆ ಮಾರಿದ.
ನಾಚಿಕೊಂಡೇ ಅವಳಿಗೆ ತಿಳಿಸಿದೆ.
ಒಂದು ಗಳಿಗೆ ನನ್ನನ್ನೇ ನೋಡಿದಳು, ಆಮೇಲೆ ಹೊಟ್ಟೆ ಹಿಡಿದು ನಕ್ಕಳು:
"ಕೊಜೊಬೆಕ್ ಆಗಿದ್ದರೆ ಎರಡನ್ನೂ ಮಾರುತ್ತಿದ್ದ!"

ತಿಳಿಸದ್ದು ಇನ್ನೊಂದಿದೆ.

ಅವಳು ಬೂಟಿಗೆ ಹೋದ ಬೆಳಿಗ್ಗೆ
ಅವನು ಎದ್ದು ಕೂತಿದ್ದ. ಕಿಟಕಿ ನಾಲ್ಕು ಹೆಜ್ಜೆ.
"ಹಿಮ ನಿಂತಿತೇ ನೋಡಬೇಕು, ಅವಳು ದಾರಿಯಲ್ಲಿದ್ದಾಳೆ," ಅಂದ.
ನಾನು ಆಗಷ್ಟೇ ಒರೆಸಿದ್ದೆ.
"ನೆಲ ಒದ್ದೆ. ಜಾರುತ್ತೀಯ. ಒಣಗಲಿ, ಇರು."
ಅಷ್ಟು ಬೈಯುವವನು, ಆವತ್ತು ಮಾತು ಕೇಳಿದ.
ಕಾಲು ಮೇಲೆಳೆದುಕೊಂಡ.
ಬಕೆಟ್ಟು ಚೆಲ್ಲಿ ನಾನು ಬರುವಷ್ಟರಲ್ಲಿ
ನೆಲ ಒಣಗಿತ್ತು.

ಮಧ್ಯಾಹ್ನ ಅವಳು ಬಂದಳು, ಕಂಕುಳಲ್ಲಿ ಬೂಟು,
ಆಕಾರ ಕೆಡದಂತೆ ಒಳಗೆ ಹಳೆಯ ಪತ್ರಿಕೆ ತುರುಕಿ.
ಬರಿದಾದ ಮಂಚ ನೋಡಿದಳು. ತುಂಬ ಹೊತ್ತಿನ ಮೇಲೆ
ಪಕ್ಕದವನ ಪಾದ ನೋಡಿದಳು.
ಬೂಟು ಅಲ್ಲೇ ಬಿಟ್ಟು ಹೋದಳು.

ಹೇಳಿದರೆ ಕ್ಷಮಿಸುತ್ತಾಳೆ.
ಅದಕ್ಕೇ ಹೇಳಿಲ್ಲ.
ಈಗ ಸೊಂಟಕ್ಕೆ ಒಂದು ಒಣಬಟ್ಟೆ ಸಿಕ್ಕಿಸಿರುತ್ತೇನೆ.
ಯಾವ ಮಂಚವೇ ಆಗಲಿ, ಅಲ್ಲಿಂದ ಕಿಟಕಿಯವರೆಗೆ
ಮಂಡಿಯೂರಿ ಮೊದಲು ಒಣಗಿಸುತ್ತೇನೆ.
ಹಿಮ ನಿಂತಿತೇ ಎಂದು ಯಾರಾದರೂ ಕೇಳಿದರೆ
ಮೆಟ್ಟು ಮುಂದೆ ಸರಿಸಿ
ಹೋಗಿ ನೋಡು ಅನ್ನುತ್ತೇನೆ.