ರಸೀದಿಯ ಒಂದು ಸಾಲು

ಮನೆಕಂದಾಯದ ರಸೀದಿಯಲ್ಲಿ
ಗ್ರಂಥಾಲಯ ಕರ, ರೂಪಾಯಿಗೆ ಆರು ಪೈಸೆ.
ಇಷ್ಟು ವರ್ಷ ಕಟ್ಟಿದ್ದೇನೆ, ಓದಿರಲಿಲ್ಲ.

ನಲ್ಲಿಯ ಅರ್ಜಿ ಬರೆಸಲು ಮೊನ್ನೆ ಒಳಗೆ ಹೋದೆ:
ಶಿಡ್ಲಘಟ್ಟದ ಅಷ್ಟೂ ಸೆಖೆ ಅಲ್ಲೇ,
ಫ್ಯಾನು ನಿಂತಿದೆ,
ಯಾರೂ ಎದ್ದಿಲ್ಲ.
ಚರಕದಿಂದೆದ್ದು ಬಂದ ಖುರ್ಷಿದಾ
ಬಿಸಿನೀರಿಗೆ ಬೆಂದ ಬೆರಳು
ದುಪಟ್ಟಾಕ್ಕೆ ಒರೆಸಿ ಒರೆಸಿ ಪುಟ ತಿರುವುತ್ತಾಳೆ.
ಬೆಳಿಗ್ಗೆ ಗೂಡಿನ ರೇಟಿಗೆ
ಅವಳೊಡನೆ ಕಿತ್ತಾಡಿದ ಮುನಿಕದಿರಪ್ಪ
ಕನ್ನಡಕ ಮರೆತು ಬಂದು
ಪೇಪರನ್ನು ಅವಳ ಕಡೆಗೇ ತಳ್ಳುತ್ತಾನೆ:
‘ಇದೊಂಚೂರು ಓದಮ್ಮ.’

ನನ್ನ ಅರ್ಜಿಯನ್ನೂ ಅವಳೇ ಬರೆದಳು.
‘ನಮ್ಮ ಬೀದಿಗೂ ಬರ್ತಿಲ್ಲ’ ಅಂತ
ತನ್ನ ಸಹಿ ಹಾಕಿದಳು,
ಆಮೇಲೆ ಅವನೂ.

ಒಂದೇ ಗೂಡಿನ ಎಳೆ ಕಣ್ಣಿಗೂ ಕಾಣದು.

ರಾತ್ರಿ ರಸೀದಿ ಹುಡುಕಿದೆ. ಹದಿನೆಂಟು ರೂಪಾಯಿ.
ಆ ಬೆಂಚಿನ ಒಂದು ಕಾಲು ನನ್ನದಿರಬೇಕು,
ಅಲ್ಲಾಡುತ್ತಲ್ಲ, ಅದು.