ಯಾವ ಕಿವಿ

ಮಂಗಳವಾರ ಕ್ಲೇಮು ವಾಪಸು ಬಂತು.
ಒಂಬತ್ತು ಸಾಲಿನ ಒಕ್ಕಣೆ, ಸಾರ ಇಷ್ಟೇ:
ಎಡವೋ ಬಲವೋ ಹೇಳಿಲ್ಲ,
ಆದ್ದರಿಂದ ನೂರಾ ಎಂಬತ್ತಾರು ಡಾಲರು ಕೊಡುವುದಿಲ್ಲ.

ಕಡತ ತೆಗೆದೆ. ಮಿಲಾನ್ ಹುಡಾಕ್, ಎಪ್ಪತ್ತೆಂಟು,
ಯಂಗ್ಸ್‌ಟೌನ್, ಓಹಾಯೊ.
ಡಾಕ್ಟರ ಬರಹ: ಕಿವಿಯಲ್ಲಿ ಗುಂಯ್ ಸದ್ದು, ಬಹುಕಾಲದಿಂದ.
ಕಿವಿ, ಅಷ್ಟೇ. ಮನುಷ್ಯನಿಗೆ ಇರುವುದೇ ಒಂದು ಎಂಬ ಹಾಗೆ.

ನನ್ನ ಪಟ್ಟಿಯಲ್ಲಿ ಗುಂಯ್‌ಗುಡುವುದಕ್ಕೆ
ಎಚ್ ತೊಂಬತ್ತಮೂರು, ಚುಕ್ಕಿ, ಒಂದು,
ಅದರ ಬಾಲಕ್ಕೆ ಇನ್ನೊಂದು ಅಂಕಿ:
ಬಲಕ್ಕೆ ಒಂದು, ಎಡಕ್ಕೆ ಎರಡು, ಎರಡಕ್ಕೂ ಮೂರು.
ಗೊತ್ತಿಲ್ಲ ಅನ್ನುವುದಕ್ಕೆ ಒಂಬತ್ತು.
ಒಂಬತ್ತು ಹಾಕಿದವಳು ನಾನೇ, ಹೋದ ತಿಂಗಳು,
ಶುಕ್ರವಾರ, ಐದು ಗಂಟೆಗೆ ಇನ್ನು ಹತ್ತೇ ನಿಮಿಷವಿದ್ದಾಗ.

ಹನ್ನೊಂದು ವರ್ಷ ಈ ಕಿವಿಯಾಸ್ಪತ್ರೆಯ ನೆಲಮಾಳಿಗೆಯಲ್ಲಿ.
ಒಂದು ಕಿವಿಯನ್ನೂ ಇಣುಕಿ ನೋಡಿಲ್ಲ.
ಗುಗ್ಗೆ ಗಟ್ಟಿಯಾದದ್ದು ಗೊತ್ತು, ತಮಟೆ ತೂತಾದದ್ದು ಗೊತ್ತು,
ಮಗುವೊಂದು ಮಣಿ ತುರುಕಿಕೊಂಡದ್ದು ಗೊತ್ತು.
ಅದು ಬೇರೆ ಅಧ್ಯಾಯ: ಟಿ ಹದಿನಾರು,
ಖಾಲಿ ಜಾಗ ಖಾಲಿ ಕಾಣಬಾರದೆಂದು ಎರಡು ಎಕ್ಸ್,
ಕೊನೆಗೆ ಎ, ಮೊದಲ ಸಲ ಬಂದದ್ದಕ್ಕೆ.
ಆ ಮಗುವಿನ ಹೆಸರು ಮರೆತೆ. ಎಕ್ಸ್‌ಗಳು ನೆನಪಿವೆ.

ನಿಯಮ ಹೀಗೆ: ರೋಗಿಯ ಮಾತು ಲೆಕ್ಕಕ್ಕಿಲ್ಲ,
ಡಾಕ್ಟರು ಬರೆದದ್ದೇ ರೋಗ.
ಡಾಕ್ಟರ್ ಪೆಟಿಗ್ರೂ ಸೋಮವಾರದವರೆಗೆ
ಈರಿ ಸರೋವರದಲ್ಲಿ ಮೀನು ಹಿಡಿಯುತ್ತಿರುತ್ತಾರೆ.
ಬಿಲ್ಲು ಮಾತ್ರ ಕಾಯಲಿಲ್ಲ, ಹುಡಾಕರ ಮನೆ ಸೇರಿತು,
ಅಲ್ಲಿಂದ ಫೋನು ನನ್ನ ಮೇಜಿಗೇ ಬಂತು.

"ಜೋರಾಗಿ ಹೇಳಮ್ಮ."
ಜೋರಾಗಿ ಹೇಳಿದೆ. ಪಕ್ಕದ ಮೇಜಿನ ಲೊರೆಟಾ ತಿರುಗಿ ನೋಡಿದಳು.
ಯಾವ ಕಿವಿ, ಮಿಸ್ಟರ್ ಹುಡಾಕ್? ಎಡವೇ? ಬಲವೇ?

ತುಂಬ ಹೊತ್ತು ಉತ್ತರವಿಲ್ಲ.
ಆ ಕಡೆ ಯಾರೋ ಪಾತ್ರೆ ಕೆಳಗಿಟ್ಟ ಸದ್ದು.

"ಕಿವಿಯಲ್ಲಲ್ಲ ತಾಯಿ. ನಡುವೆ.
ಉಕ್ಕಿನ ಮಿಲ್ಲಿನಲ್ಲಿದ್ದೆ, ಹನ್ನೊಂದು ವರ್ಷ.
ಎಪ್ಪತ್ತೇಳರಲ್ಲಿ ಬೀಗ ಹಾಕಿದರು,
ಆಮೇಲೆ ಚಿಮಣಿ ಕೆಡವಿದರು.
ಈಗ ಹುಲ್ಲು. ಜಿಂಕೆ ಬರುತ್ತವಂತೆ.
ನನ್ನೊಳಗೆ ಮಾತ್ರ ರಾತ್ರಿಪಾಳಿ ಇನ್ನೂ ಬಿಟ್ಟಿಲ್ಲ."

ನಾನು ಏನೂ ಬರೆದುಕೊಳ್ಳಲಿಲ್ಲ. ಬರೆದುಕೊಳ್ಳುವಂತಿಲ್ಲ.
ಕಿವಿಗೊಡು ಅನ್ನುತ್ತೇವಲ್ಲ ನಾವು,
ಯಾವುದನ್ನು ಎಂದು ಯಾರೂ ಕೇಳಿದ್ದಿಲ್ಲ.

ಇನ್ಶೂರೆನ್ಸಿನವರಿಗೆ ಫೋನು ಹಚ್ಚಿದೆ.
ನಲವತ್ತು ನಿಮಿಷ ಪಿಯಾನೊ,
ನಡುನಡುವೆ ಹೆಣ್ಣುದನಿ: ನಿಮ್ಮ ಕರೆ ನಮಗೆ ಮುಖ್ಯ.
ನಮ್ಮಜ್ಜಿ ಇದಕ್ಕೆ ಜಾಣಕಿವುಡು ಅನ್ನುತ್ತಿದ್ದಳು:
ಕೊಟ್ಟ ಸಾಲ ಕೇಳಿದರೆ ಕೇಳಿಸದು,
ಎಲೆ ಹಾಕಿದೆ ಬನ್ನಿ ಅಂದರೆ ಮೂರು ಮನೆಯಾಚೆಗೂ ಕೇಳಿಸುತ್ತದೆ.
ಪಿಯಾನೊ ಮುಗಿಯುವವರೆಗೆ
ಎಚ್ ಅರವತ್ತರಿಂದ ತೊಂಬತ್ತೈದರ ತನಕ ಹುಡುಕಿದೆ.
ಆ ಕಾಯಿಲೆಗೆ ಅಂಕಿ ಕೊಟ್ಟಿಲ್ಲ.

ಡಾಕ್ಟರಿಗೆ ಪ್ರಶ್ನಾಪತ್ರ ಕಳಿಸಿದೆ. ಅದಕ್ಕೂ ನಿಯಮವಿದೆ,
ಉತ್ತರ ಬಾಯಿಗೆ ತುರುಕುವಂತಿಲ್ಲ.
ನಾಲ್ಕು ಚೌಕ: ಬಲ, ಎಡ, ಎರಡೂ, ಹೇಳಲಾಗದು.
ಐದನೆಯದೊಂದು ಬಿಡಿಸಿದೆ, ಅಳಿಸಿದೆ.

ಸೋಮವಾರ ಮೀನಿನ ಸುದ್ದಿಯ ಜೊತೆಗೆ
ಮೂರನೆಯ ಚೌಕಕ್ಕೆ ಗೀಟು ಬಿದ್ದಿತ್ತು.
ಮೂರು ಹಾಕಿದೆ. ಹದಿನೆಂಟು ದಿನಕ್ಕೆ ದುಡ್ಡು ಬಂತು,
ಪೂರ್ತಿಯಲ್ಲ, ನೂರಾ ಹನ್ನೆರಡು.
ಉಳಿದದ್ದನ್ನು ಮನ್ನಾ ಮಾಡಿಸಲು ಲೊರೆಟಾಳ ಸಹಿ ಬೇಕಿತ್ತು.
ಅವಳು ಏನೂ ಕೇಳದೆ ಹಾಕಿದಳು,
ಅವಳಪ್ಪನೂ ಅದೇ ಮಿಲ್ಲಂತೆ.

ಆ ಸಂಜೆ ಮಹೋನಿಂಗ್ ನದಿಯ ಸೇತುವೆ ಮೇಲೆ
ಸಿಗ್ನಲ್ ಕೆಂಪಾಯಿತು. ಕಿಟಕಿ ಇಳಿಸಿದೆ.
ಕೆಳಗೆ ಹುಲ್ಲು. ಜಿಂಕೆ ಕಾಣಲಿಲ್ಲ.
ಎಡಗಿವಿಗೆ ಗಾಳಿ,
ಬಲಗಿವಿಗೆ ಇಂಡಿಕೇಟರಿನ ಟಿಕ್ ಟಿಕ್.
ನಡುವೆ ಏನಾದರೂ ಇದೆಯೇ ಎಂದು ಕಣ್ಣು ಮುಚ್ಚಿ ಕಾದೆ.

ಹಿಂದಿನವನು ಹಾರನ್ ಒತ್ತಿದ.
ಎರಡೂ ಕಿವಿಗೆ ಬಿತ್ತು.