ಕೈತೂಕ

ವಾರಕ್ಕೆ ಆರು ದಿನ ನಾನು ಮೀನು ಕೊಯ್ಯುವವ,
ರಾಸ್ ಅಲ್ ಖೈಮಾದ ದೊಡ್ಡಂಗಡಿಯೊಂದರಲ್ಲಿ, ಮಂಜಿನ ರಾಶಿಯ ಹಿಂದೆ,
ಬಿಳಿ ಗಂಬೂಟು, ತಲೆಗೆ ಬಲೆಟೋಪಿ.
ಕನಾದೋ ಹಮೂರೋ ಶೇರಿಯೋ,
ಬಾಲ ಹಿಡಿದೆತ್ತಿದರೆ ಸಾಕು, ತಕ್ಕಡಿಗಿಂತ ಮೊದಲೇ ಹೇಳುತ್ತೇನೆ:
ಏಳುನೂರಾ ನಲವತ್ತು.
ತಪ್ಪಿದರೆ ಐದು ಗ್ರಾಮು ಆಚೀಚೆ.
ಗಿರಾಕಿಗಳು ಚಹಾದ ಪಂದ್ಯ ಕಟ್ಟಿ ಸೋಲುತ್ತಾರೆ.
ಹೊನ್ನಾವರದ ಬಂದರಿನಲ್ಲಿ ಬುಟ್ಟಿಯ ಮುಂದೆ ಕೂತು
ಆಯಿ ಕಲಿಸಿದ ಒಂದೇ ವಿದ್ಯೆ.

ಶುಕ್ರವಾರ ಅಲ್ ರಮ್ಸ್.
ಹಳೆಯ ದೋಣಿಶೆಡ್ಡು, ಒಂಬತ್ತು ನೀಲಿ ಡ್ರಮ್ಮು,
ಯಾರದೋ ಮಗು ಬೆಳೆದು ಬಿಟ್ಟ ಸ್ನಾನದ ಟಬ್ಬು,
ಸಂಬಳವಿಲ್ಲದ ಎಂಟು ಜನ.
ಮೈಥಾ ಶಾಲೆಯಲ್ಲಿ ಗಣಿತ ಹೇಳುವವಳು, ಬೀಗದಕೈ ಅವಳ ಬಳಿ.
ಡಾಕ್ಟರ್ ಬಾಬಿಕರ್ ಒಂಟೆಗಳ ವೈದ್ಯ, ಸುಡಾನಿನವರು,
ಹಕ್ಕಿಯ ರೆಕ್ಕೆಗೆ ಪಟ್ಟಿ ಕಟ್ಟುವಾಗ ತಾವೇ ಉಸಿರು ಬಿಗಿಹಿಡಿಯುತ್ತಾರೆ.
ಪಿಕಪ್ಪು ಗುಲ್ ಜಮಾನನದು, ಡೀಸೆಲ್ಲೂ ಅವನದೇ.
ನಾನು ಇಲ್ಲಿಯೂ ಮೀನು ಕೊಯ್ಯುವವನೇ,
ಉಗುರಿನಷ್ಟು ಸಣ್ಣಗೆ, ಒಂದು ಮುಳ್ಳೂ ಇಲ್ಲದೆ.
ಇಲ್ಲಿನ ಗಿರಾಕಿ ಬಾಯಿ ತೆರೆಯುವತನಕ ಕಾಯಬೇಕು, ಅಷ್ಟೇ.

ಜನವರಿಯಲ್ಲಿ ಶಮಾಲ್ ಗಾಳಿ ಮೂರು ದಿನ ಬೀಸಿ ನಿಂತ ಬೆಳಗ್ಗೆ
ಒದ್ದೆ ಗೋಣಿಯಲ್ಲಿ ಬಂತು ಆಮೆಮರಿ.
ಗಿಳಿಮೂತಿ. ಕಡಲ ಚಳಿಗೆ ಸೆಟೆದುಕೊಂಡಿತ್ತು.
ದೋಣಿಯ ತಳಕ್ಕೆ ಹತ್ತುತ್ತದಲ್ಲ, ಆ ಕಲ್ಲುಹುಳು,
ಚಿಪ್ಪಿಗೆ, ಕತ್ತಿಗೆ, ಕಣ್ಣಿನ ಅಂಚಿಗೂ.
"ಸತ್ತಿದೆಯಾ?" ಎಂದಳು ಹೊಸಬಳು ರೊವೆನಾ.
ಅಂಗೈಗೆ ತೆಗೆದುಕೊಂಡೆ. ಅಭ್ಯಾಸಬಲ, ನೋಡಿ,
ಜೀವ ಇದೆಯೋ ಇಲ್ಲವೋ ಹೇಳುವ ಮೊದಲು
"ಆರುನೂರಾ ಹತ್ತು" ಎಂದುಬಿಟ್ಟೆ.
ತಕ್ಕಡಿ: ಆರುನೂರಾ ಹನ್ನೆರಡು.
ರೊವೆನಾ ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ.

ಮೈಥಾ ರಿಜಿಸ್ಟರಿನಲ್ಲಿ ಬರೆದಳು: ನಲವತ್ತೊಂದು.
ಹೆಸರಿನ ಅಂಕಣ ನಮ್ಮಲ್ಲಿಲ್ಲ. ಮೊದಲಿತ್ತಂತೆ.
ಎಣ್ಣೆ ಮೆತ್ತಿದ ನೀರುಕಾಗೆಯೊಂದಕ್ಕೆ ಹೆಸರಿಟ್ಟು
ಮೂರನೆಯ ದಿನ ಹೂಳಬೇಕಾದಾಗ
ಸ್ಕೇಲಿಟ್ಟು ಅಡ್ಡಗೆರೆ ಎಳೆದರಂತೆ.

ಸಿಹಿನೀರಿನಲ್ಲಿ ಒಂದು ಹಗಲು, ಒಂದು ರಾತ್ರಿ.
ಉಪ್ಪಿಲ್ಲದೆ ಬಾಳಲು ಬಾರದ ಹುಳುಗಳು
ಒಂದೊಂದೇ ಹಿಡಿತ ಬಿಟ್ಟವು.
ಉಳಿದವನ್ನು ಐಸ್‌ಕ್ರೀಮ್ ಚಮಚದ ಹಿಡಿಯಿಂದ ಎಬ್ಬಿಸಿದೆವು,
ಬಕೆಟಿನ ತಳದಲ್ಲಿ ಹುರಿಗಡಲೆ ಸುರಿದ ಸದ್ದು.
ಕೊನೆಗೆ ಎತ್ತಿದೆ.
ಕೈ ತನಗೆ ತಾನೇ ಮೇಲೆ ಹೋಯಿತು, ಖಾಲಿ ಕೊಡ ಎತ್ತಿದವರ ಕೈಯ ಹಾಗೆ.
ಇನ್ನೂರಾ ತೊಂಬತ್ತು.
ಮೊನ್ನೆ ನಾನು ಅಷ್ಟು ಸರಿಯಾಗಿ ಹೇಳಿದ್ದೆನಲ್ಲ,
ಅದರಲ್ಲಿ ಅರ್ಧಕ್ಕೂ ಹೆಚ್ಚು ಆಮೆಯೇ ಆಗಿರಲಿಲ್ಲ.

ಒಂಬತ್ತು ದಿನ ತಿನ್ನಲಿಲ್ಲ.
ಪಾಳಿ ಮುಗಿಸಿ ರಾತ್ರಿ ಬಸ್ಸು ಹಿಡಿದು ಹೋಗುತ್ತಿದ್ದೆ,
ಬೊಂಡಾಸಿನ ಚೂರು ಚಿಮಟದಲ್ಲಿ ಹಿಡಿದು
ನೀರಿನ ಮೇಲೆ ಆಡಿಸುತ್ತ, ಕೊಂಕಣಿಯಲ್ಲಿ ಬೈಯುತ್ತ.
ಹತ್ತನೆಯ ರಾತ್ರಿ ಕಚ್ಚಿತು.
ಬೊಂಡಾಸನ್ನಲ್ಲ, ನನ್ನ ಬೆರಳನ್ನು.
ಗ್ಲೌಸು ಹರಿದು ರಕ್ತ.
ಬಾಬಿಕರ್ ಶೆಡ್ಡಿನೊಳಗೆ ಕುಣಿದರು, ಅರವತ್ತೆರಡರ ಮನುಷ್ಯ.
ಮರುದಿನ ಸೂಪರ್‌ವೈಸರ್ ಪಟ್ಟಿ ನೋಡಿ ಏನಾಯಿತೆಂದಾಗ
"ಕೆಲಸದ ಗಾಯ" ಎಂದೆ. ಸುಳ್ಳೇನಲ್ಲ.

ಏಪ್ರಿಲ್. ನೀರು ಬೆಚ್ಚಗಾಗಿತ್ತು.
ಕಾಂಡ್ಲಾ ಗಿಡಗಳ ಆಚೆ, ಮೊಣಕಾಲು ಮುಳುಗುವಷ್ಟರಲ್ಲಿ ನಿಂತೆವು.
"ಎಷ್ಟಿದೆ ಹೇಳು" ಎಂದಳು ಮೈಥಾ, ಪೆನ್ನು ತೆರೆದು.
ಗೊತ್ತಿತ್ತೋ ಏನೋ, ಬಾಯಿಗೆ ಬರಲಿಲ್ಲ.
ನೀರಿಗೆ ಇಳಿಸಿದೆ. ಅಂಗೈ ಮೇಲೆ ಇದೆ, ಚಿಪ್ಪಿನ ಅಂಚು ತಾಗುತ್ತಿದೆ,
ತೂಕ ಮಾತ್ರ ಎಲ್ಲೋ ಹೋಗಿದೆ.
ಒಂದು ಸಲ ಬೀಸಿತು. ಆಮೇಲೆ ಬರೀ ನೀರು ಕೈಯಲ್ಲಿ.
ಗುಲ್ ಜಮಾನ್ ಒಬ್ಬನೇ ಚಪ್ಪಾಳೆ ತಟ್ಟಿ, ನಾಚಿ, ನಿಲ್ಲಿಸಿದ.

ಶನಿವಾರ ಕನಾದ್ ಎತ್ತಿ ಹಿಡಿದು ಹೇಳಿದೆ.
ಮೂವತ್ತು ಗ್ರಾಮು ತಪ್ಪಿತು.
ಗೆದ್ದವ ಚಹಾ ಕೇಳಿದ, ಸಕ್ಕರೆ ಜಾಸ್ತಿ.
ಕೊಡಿಸಿದೆ.